ಮೆದುಳಿಗೆ ಪೆಟ್ಟು ಬಿದ್ದವರ ಮರುಬಾಳು ಮತ್ತು ಸೇವಾಸಂಸ್ಥೆಗಳ ಹೊಣೆ

ಅನ್ನ, ಅಕ್ಷರ, ಆಶ್ರಯ ಎಂಬ ಮೂರು ಬಗೆಯ ದಾಸೋಹವನ್ನು ಸದ್ದಿಲ್ಲದೆ ನಡೆಸಿಕೊಂಡು ಬಂದಿರುವುದು ನಮ್ಮ ನಾಡಿನ ಮಠಗಳ ಹಿರಿಮೆ. ಹಸಿದವನನ್ನು ಕಂಡು ಅನ್ನ ನೀಡಿದ್ದಾಯಿತು, ಓದಲು ಬಂದ ಬಡ ಹುಡುಗನಿಗೆ ಪ್ರಸಾದನಿಲಯ ತೆರೆದದ್ದಾಯಿತು, ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿ ಅವರನ್ನು ನಾಡಿನ ಹೆಮ್ಮೆಯ ಗಾಯಕರನ್ನಾಗಿ ಮಾಡಿದ್ದೂ ಆಯಿತು. ಈ ಎಲ್ಲ ಸೇವೆಗಳಲ್ಲಿ ಒಂದು ಸಮಾನಾಂಶವುಂಟು: ಕೊರತೆ ಯಾವುದೆಂಬುದು ಕಣ್ಣಿಗೆ ಕಾಣುತ್ತಿತ್ತು. ಕಣ್ಣಿಗೆ ಕಾಣದ ಕೊರತೆಯನ್ನು ಹೊತ್ತು ನಮ್ಮ ನಡುವೆಯೇ ಬದುಕುತ್ತಿರುವ ಒಂದು ವರ್ಗದ ಜನರ ವಿಚಾರವನ್ನು ಅಧ್ಯಾಪಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ಅವರೇ ತಲೆಗೆ ಪೆಟ್ಟು ಬಿದ್ದು, ಪ್ರಾಣ ಉಳಿದು, ಮನೆಗೆ ಹಿಂದಿರುಗಿದ ವಯಸ್ಕರು. ಕೈಕಾಲು ಗಟ್ಟಿಯಾಗಿವೆ, ಗಾಯದ ಹೊಲಿಗೆ ಮಾಗಿದೆ, ತಲೆಗೂದಲು ಬೆಳೆದು ಗುರುತನ್ನು ಮುಚ್ಚಿದೆ. ಆದರೆ ಒಳಗಿನ ಮನುಷ್ಯ ಮೊದಲಿನಂತಿಲ್ಲ. ಇದನ್ನು ಮನೆಯವರು ಬಲ್ಲರು, ಊರು ಅರಿಯದು.

ಪೆಟ್ಟು ಬೀಳುವ ಬಗೆ

ನಿಮ್ಹಾನ್ಸ್ ಸಂಸ್ಥೆಯ ಡಾ. ಜಿ. ಗುರುರಾಜ್ ಅವರು ೨೦೦೨ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ನಮ್ಮ ದೇಶದಲ್ಲಿ ವರ್ಷಕ್ಕೆ ೧೫ರಿಂದ ೨೦ ಲಕ್ಷ ಜನ ಮೆದುಳಿನ ಪೆಟ್ಟಿಗೆ ಒಳಗಾಗುತ್ತಾರೆ. ಇವುಗಳಲ್ಲಿ ಶೇಕಡ ೬೦ರಷ್ಟು ರಸ್ತೆ ಅಪಘಾತಗಳಿಂದ, ಶೇಕಡ ೨೦ರಿಂದ ೨೫ರಷ್ಟು ಮೇಲಿನಿಂದ ಬೀಳುವುದರಿಂದ, ಶೇಕಡ ೧೦ರಷ್ಟು ಹೊಡೆದಾಟಗಳಿಂದ ಆಗುವಂಥವು. ಪೆಟ್ಟು ಬಿದ್ದ ಹೊತ್ತಿನಲ್ಲಿ ಶೇಕಡ ೧೫ರಿಂದ ೨೦ ಮಂದಿ ಮದ್ಯ ಸೇವಿಸಿರುತ್ತಾರೆಂಬ ಮಾತೂ ಅದೇ ಲೇಖನದಲ್ಲಿದೆ.

ಈ ಮೂರು ಕಾರಣಗಳನ್ನು ಕೋಲಾರ ಸೀಮೆಯ ನಕ್ಷೆಯ ಮೇಲಿಟ್ಟು ನೋಡಿದರೆ ಅಂಕಿಗಳಿಗೆ ಜೀವ ಬರುತ್ತದೆ. ಬೆಂಗಳೂರಿನಿಂದ ಹೊಸಕೋಟೆ, ನರಸಾಪುರ, ಕೋಲಾರ, ಮುಳಬಾಗಿಲು, ನಂಗಲಿಗಳನ್ನು ಹಾಯ್ದು ಆಂಧ್ರದ ಗಡಿಯನ್ನು ದಾಟುವ ರಾಷ್ಟ್ರೀಯ ಹೆದ್ದಾರಿ ಈ ಜಿಲ್ಲೆಯ ಬೆನ್ನೆಲುಬು. ಅದರ ಮೇಲೆ ಹಗಲಿರುಳೂ ಲಾರಿಗಳು, ತಿರುಪತಿಯ ಯಾತ್ರಿಕರ ವಾಹನಗಳು, ಕೋಲಾರದ ಮಾರುಕಟ್ಟೆಗೆ ಟೊಮ್ಯಾಟೊ ಹೊತ್ತ ಟೆಂಪೊಗಳು ಓಡುತ್ತವೆ. ಅವುಗಳ ನಡುವೆಯೇ ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ ಪಾಳಿಯ ಕೆಲಸಕ್ಕೆ ಹೋಗಿಬರುವ ಹಳ್ಳಿಯ ಯುವಕರ ಮೋಟಾರ್ ಸೈಕಲ್ಲುಗಳೂ ಇರುತ್ತವೆ. ಮಾಲೂರಿನಲ್ಲಿ ಹೆಂಚು ಇಟ್ಟಿಗೆಗಳ ಭಟ್ಟಿಗಳೂ ಕಾರ್ಖಾನೆಗಳೂ ಇವೆ. ಅಟ್ಟಣೆಯ ಮೇಲೆ ನಿಂತು ದುಡಿಯುವವರು ಅಲ್ಲಿ ಬಹಳ. ಶ್ರೀನಿವಾಸಪುರವಂತೂ ಮಾವಿನ ಸೀಮೆ. ಕೊಯ್ಲಿನ ತಿಂಗಳುಗಳಲ್ಲಿ ಎತ್ತರದ ಮರಗಳನ್ನು ಹತ್ತಿ ಕಾಯಿ ಇಳಿಸುವ ಕೂಲಿಕಾರನಿಗೆ ಕೊಂಬೆ ಮುರಿಯುವುದೂ ಕಾಲು ಜಾರುವುದೂ ಹೊಸ ಮಾತಲ್ಲ. ಹೀಗೆ ಈ ನಾಲ್ಕು ತಾಲ್ಲೂಕುಗಳಲ್ಲಿ ದುಡಿಮೆಯ ದಾರಿಯೇ ಅಪಾಯದ ದಾರಿಯೂ ಆಗಿದೆ. ಪೆಟ್ಟು ತಿನ್ನುವವರು ಬಹುಮಟ್ಟಿಗೆ ಮನೆಯ ಅನ್ನ ಗಳಿಸುವ ವಯಸ್ಸಿನವರೆಂಬುದನ್ನು ಇಲ್ಲಿ ನೆನಪಿಡಬೇಕು.

ಒಳಗೆ ಏನಾಗುತ್ತದೆ?

ವಯಸ್ಕ ಮನುಷ್ಯನ ಮೆದುಳಿನ ತೂಕ ಸುಮಾರು ಒಂದೂಕಾಲರಿಂದ ಒಂದೂವರೆ ಕಿಲೋಗ್ರಾಂ. ಗಟ್ಟಿಯಾದ ಬುರುಡೆಯೊಳಗೆ ತೆಳುವಾದ ದ್ರವದಲ್ಲಿ ತೇಲಿದಂತಿರುವ ಅತಿ ಮೃದುವಾದ ವಸ್ತು ಅದು. ಓಡುವ ವಾಹನ ಥಟ್ಟನೆ ನಿಂತಾಗ ತಲೆ ನಿಲ್ಲುತ್ತದೆ, ಒಳಗಿನ ಮೆದುಳು ನಿಲ್ಲುವುದಿಲ್ಲ. ಅದು ಮುಂದಕ್ಕೆ ನುಗ್ಗಿ ಬುರುಡೆಯ ಒಳಗೋಡೆಗೆ ಬಡಿದು, ಹಿಂದಕ್ಕೆ ಬಂದು ಮತ್ತೊಮ್ಮೆ ಬಡಿಯುತ್ತದೆ. ತಲೆ ತಿರುಚಿಕೊಂಡರೆ ನರತಂತುಗಳು ಎಳೆದು ಹರಿಯುತ್ತವೆ. ರಕ್ತನಾಳ ಒಡೆದರೆ ರಕ್ತ ಹೆಪ್ಪುಗಟ್ಟಿ ಮೆದುಳನ್ನು ಒತ್ತುತ್ತದೆ. ಹೆಪ್ಪುಗಟ್ಟಿದ ರಕ್ತವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಹರಿದ ತಂತುಗಳನ್ನು ಸೂಜಿದಾರದಿಂದ ಹೊಲಿಯಲಾಗದು. ಆದುದರಿಂದಲೇ ಹೊರಗೆ ಒಂದು ಗೀರೂ ಇಲ್ಲದವನಿಗೆ ಒಳಗೆ ದೊಡ್ಡ ಹಾನಿಯಾಗಿರಬಹುದು.

ಬುರುಡೆಯ ಮುಂಭಾಗದ ಒಳಮೈ ಒರಟಾಗಿರುವುದರಿಂದ ಅಲ್ಲಿರುವ ಮೆದುಳಿನ ಮುಂಭಾಗಕ್ಕೆ ಪೆಟ್ಟು ಬೀಳುವುದು ಹೆಚ್ಚು. ಮುಂದಾಲೋಚನೆ, ಸಂಯಮ, ಸಂದರ್ಭೋಚಿತ ನಡತೆ, ಕೆಲಸವನ್ನು ಆರಂಭಿಸಿ ಮುಗಿಸುವ ಛಲ ಇವೆಲ್ಲ ಈ ಭಾಗದ ಆಳ್ವಿಕೆಗೆ ಸೇರಿದುವು. ಇದನ್ನು ಜಗತ್ತಿಗೆ ಮೊದಲು ತೋರಿಸಿಕೊಟ್ಟ ಪ್ರಸಂಗ ಅಮೆರಿಕದ ವರ್ಮಾಂಟ್ ಸೀಮೆಯಲ್ಲಿ ನಡೆಯಿತು. ೧೮೪೮ರ ಸೆಪ್ಟೆಂಬರ್ ೧೩ರಂದು ರೈಲುಹಾದಿಗಾಗಿ ಬಂಡೆ ಸಿಡಿಸುತ್ತಿದ್ದಾಗ, ಫಿನಿಯಸ್ ಗೇಜ್ ಎಂಬ ೨೫ ವರ್ಷದ ಮೇಸ್ತ್ರಿಯ ಕೆನ್ನೆಯಿಂದ ನುಗ್ಗಿದ ಮದ್ದು ಜಡಿಯುವ ಕಬ್ಬಿಣದ ಸಲಾಕೆ ನೆತ್ತಿಯ ಮೂಲಕ ಹೊರಬಿದ್ದಿತು. ಆತ ಬದುಕಿದ, ಮಾತನಾಡಿದ, ನಡೆದಾಡಿದ. ಆದರೆ ಶಾಂತನೂ ದಕ್ಷನೂ ಆಗಿದ್ದವನು ಚಂಚಲನೂ ಒರಟು ಮಾತಿನವನೂ ಆದನೆಂದು ಚಿಕಿತ್ಸೆ ಮಾಡಿದ ವೈದ್ಯ ಹಾರ್ಲೋ ಬರೆದಿಟ್ಟಿದ್ದಾನೆ. ಈ ಕಥೆಯ ಪೂರ್ವಾರ್ಧವನ್ನು ಎಲ್ಲರೂ ಹೇಳುತ್ತಾರೆ. ಉತ್ತರಾರ್ಧವನ್ನು ಹೇಳುವವರು ಕಡಮೆ. ಇದೇ ಗೇಜ್ ಮುಂದೆ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆಬಂಡಿಯ ಸಾರಥಿಯಾಗಿ ದುಡಿದನು. ನಿತ್ಯವೂ ಅದೇ ಹೊತ್ತಿಗೆ ಏಳುವುದು, ಅದೇ ಕುದುರೆಗಳನ್ನು ಹೂಡುವುದು, ಅದೇ ದಾರಿಯಲ್ಲಿ ಸಾಗುವುದು, ಪ್ರಯಾಣಿಕರೊಡನೆ ಮರ್ಯಾದೆಯಿಂದ ನಡೆದುಕೊಳ್ಳುವುದು ಎಂಬ ಕಟ್ಟುನಿಟ್ಟಿನ ದಿನಚರಿಯೇ ಅವನನ್ನು ಬಹುಮಟ್ಟಿಗೆ ಮರಳಿ ಮನುಷ್ಯರ ನಡುವೆ ನಿಲ್ಲಿಸಿತೆಂದು ಅವನ ಜೀವನವನ್ನು ಶೋಧಿಸಿದ ಕೆಲವರು ಅಭಿಪ್ರಾಯಪಡುತ್ತಾರೆ. ಕಾಯಕವನ್ನು ಬದುಕಿನ ನಡುಗಂಬವೆಂದು ನಂಬಿದ ಪರಂಪರೆಯವರಿಗೆ ಈ ಮಾತು ಹೊಸದಾಗಿ ತೋರಲಾರದು.

ನೆನಪಿನ ಹಾನಿಯದು ಇನ್ನೊಂದು ಬಗೆ. ಬಾಲ್ಯದ ಪಾಠವೆಲ್ಲ ನೆನಪಿರುತ್ತದೆ, ಇಂದು ಬೆಳಗ್ಗೆ ಉಂಡದ್ದು ನೆನಪಿರುವುದಿಲ್ಲ. ಗಮನ ನಿಲ್ಲುವುದಿಲ್ಲ, ಇಬ್ಬರು ಒಟ್ಟಿಗೆ ಮಾತನಾಡಿದರೆ ಎರಡೂ ತಿಳಿಯುವುದಿಲ್ಲ. ಅರ್ಧ ಗಂಟೆಯ ಕೆಲಸಕ್ಕೇ ಹೇಳತೀರದ ದಣಿವು. ಇದನ್ನು ಸೋಮಾರಿತನವೆಂದು ತಿಳಿಯುವವರೇ ಹೆಚ್ಚು. ರಷ್ಯದ ಮನೋವಿಜ್ಞಾನಿ ಲೂರಿಯ ಅವರು ೧೯೪೩ರ ಯುದ್ಧದಲ್ಲಿ ತಲೆಗೆ ಗುಂಡು ತಗುಲಿದ ಸೈನಿಕನೊಬ್ಬನ ಬಾಳನ್ನು ಕುರಿತು ೧೯೭೧ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಓದಲೂ ಬಾರದಂತಾಗಿದ್ದ ಆತ ಅಕ್ಷರವನ್ನು ಮತ್ತೆ ಕಲಿತು, ಒಂದೊಂದು ಮಾತಿಗೂ ತಡಕಾಡುತ್ತ, ಸುಮಾರು ೨೫ ವರ್ಷಗಳ ಕಾಲ ತನ್ನ ದಿನಚರಿಯನ್ನು ಬರೆದನು. ಅದು ಸುಮಾರು ೩,೦೦೦ ಪುಟಗಳಾಯಿತು. ಬುದ್ಧಿಯ ಒಂದು ಭಾಗ ನಾಶವಾದರೂ ಮನುಷ್ಯನ ಸಂಕಲ್ಪ ಉಳಿಯಬಲ್ಲುದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಮಾತಿನ ತೊಡಕನ್ನು ಕುರಿತು ಕೋಲಾರದವರು ವಿಶೇಷವಾಗಿ ತಿಳಿಯಬೇಕಾದುದೊಂದಿದೆ. ಇಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬುದು ಸಾಮಾನ್ಯ. ಉರ್ದು ಮಾತನಾಡುವ ಮನೆಗಳೂ ತಮಿಳಿನ ಮನೆಗಳೂ ಇವೆ. ಎರಡು ನುಡಿ ಬಲ್ಲವನು ಮಾತು ಕಳೆದುಕೊಂಡು ಚೇತರಿಸಿಕೊಳ್ಳುವಾಗ ಎರಡೂ ಒಟ್ಟಿಗೆ ಮರಳಬೇಕೆಂದಿಲ್ಲ. ಮೊದಲು ಕಲಿತ ನುಡಿ ಮೊದಲು ಮರಳುತ್ತದೆಂದು ಫ್ರಾನ್ಸಿನ ರೀಬೋ ಹೇಳಿದರೆ, ಹೆಚ್ಚು ಬಳಸುತ್ತಿದ್ದ ನುಡಿ ಮೊದಲು ಮರಳುತ್ತದೆಂದು ಪೀತ್ರ್ ವಾದಿಸಿದರು, ಎರಡಕ್ಕೂ ಉದಾಹರಣೆಗಳಿವೆ. ಆದುದರಿಂದ ರೋಗಿಯನ್ನು ಕನ್ನಡದಲ್ಲಿ ಮಾತ್ರ ಪರೀಕ್ಷಿಸಿ ‘ಮಾತು ಹೋಯಿತು’ ಎಂದು ತೀರ್ಮಾನಿಸಿದರೆ, ಒಳಗೆ ತೆಲುಗು ಜೀವಂತವಾಗಿರುವುದನ್ನು ಕಾಣದೆ ಹೋದೇವು. ತಾಯಿ ಜೋಗುಳ ಹಾಡಿದ ನುಡಿ ಯಾವುದು, ಕೆಲಸದ ನುಡಿ ಯಾವುದು ಎಂದು ವಿಚಾರಿಸುವುದು ಚಿಕಿತ್ಸೆಯ ಮೊದಲ ಮೆಟ್ಟಿಲು.

ಜೀವ ಉಳಿಸುವ ಏರ್ಪಾಡು

೧೯೭೪ನೆಯ ವರ್ಷ ಈ ವಿಷಯದಲ್ಲಿ ಸ್ಮರಣೀಯ. ಆ ವರ್ಷ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಟೀಸ್ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು, ಪೆಟ್ಟು ತಿಂದವನ ಎಚ್ಚರದ ಮಟ್ಟವನ್ನು ಅಳೆಯಲು ಒಂದು ಸರಳ ಅಳತೆಗೋಲನ್ನು ಪ್ರಕಟಿಸಿದರು. ಕಣ್ಣು ತೆರೆಯುವುದು, ಮಾತಿನ ಉತ್ತರ, ಕೈಕಾಲುಗಳ ಚಲನೆ ಈ ಮೂರನ್ನು ನೋಡಿ ೩ರಿಂದ ೧೫ರವರೆಗೆ ಅಂಕ ಕೊಡುವ ಆ ಕ್ರಮ ಇಂದು ಜಗತ್ತಿನ ಆಸ್ಪತ್ರೆಗಳಲ್ಲೆಲ್ಲ ಬಳಕೆಯಲ್ಲಿದೆ. ಅದೇ ೧೯೭೪ರ ಡಿಸೆಂಬರಿನಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ ನಿಮ್ಹಾನ್ಸ್ ಎಂಬ ಹೆಸರಿನಲ್ಲಿ ಒಂದಾದುವು. ನರಶಸ್ತ್ರಚಿಕಿತ್ಸೆ, ನರರೋಗ, ಮನೋವಿಜ್ಞಾನ, ಪುನರ್ವಸತಿ ಇವೆಲ್ಲ ಒಂದೇ ಅಂಗಳದಲ್ಲಿ ದೊರಕುವ ಈ ಸಂಸ್ಥೆ ಕೋಲಾರ ಜಿಲ್ಲೆಯವರಿಗೆ ಎರಡು ಮೂರು ಗಂಟೆಯ ದಾರಿಯಲ್ಲಿರುವುದು ಭಾಗ್ಯವೆಂದೇ ಹೇಳಬೇಕು. ಕೋಲಾರದಲ್ಲಿಯೇ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯುಂಟು. ಪಟ್ಟಣದ ಹೊರಗೆ ಟಮಕದಲ್ಲಿ ೧೯೮೬ರಲ್ಲಿ ಆರಂಭವಾದ ಶ್ರೀ ದೇವರಾಜ ಅರಸು ವೈದ್ಯಕೀಯ ಮಹಾವಿದ್ಯಾಲಯವೂ ಅದರ ಆಸ್ಪತ್ರೆಯೂ ಇವೆ.

ಸರ್ಕಾರದ ಏರ್ಪಾಡುಗಳೂ ಬೆಳೆದಿವೆ. ೨೦೦೮ರಲ್ಲಿ ೧೦೮ ಸಂಖ್ಯೆಯ ಆಂಬುಲೆನ್ಸ್ ಸೇವೆ ಕರ್ನಾಟಕದಲ್ಲಿ ಆರಂಭವಾಯಿತು. ಗಾಯಾಳುವಿನ ಮೊದಲ ೪೮ ಗಂಟೆಗಳ ಚಿಕಿತ್ಸೆಗೆ ನೆರವಾಗಲು ರಾಜ್ಯ ಸರ್ಕಾರ ೨೦೧೬ರಲ್ಲಿ ಹರೀಶ್ ಸಾಂತ್ವನ ಯೋಜನೆಯನ್ನು ತಂದಿತು. ೨೦೨೫ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ ೧.೫ ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಪ್ರಕಟಿಸಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಪೊಲೀಸು, ನ್ಯಾಯಾಲಯಗಳ ಕಿರುಕುಳವಾಗದಂತೆ ೨೦೧೯ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ರಕ್ಷಣೆ ನೀಡಿದೆ. ಈ ಕೊನೆಯ ಮಾತನ್ನು ಪ್ರತಿ ಶಾಲೆಯಲ್ಲಿಯೂ ಪ್ರತಿ ವಿದ್ಯಾರ್ಥಿಗೂ ಹೇಳಿಕೊಡಬೇಕು. ಭಯದಿಂದ ದೂರ ನಿಂತು ನೋಡುವ ಜನರ ನಡುವೆ ಹೋದ ಪ್ರಾಣಗಳಿಗೆ ಲೆಕ್ಕವಿಲ್ಲ.

ಮನೆಗೆ ಬಂದ ಮೇಲೆ

ಮೇಲಿನ ಎಲ್ಲ ಏರ್ಪಾಡುಗಳೂ ಗಂಟೆ ಮತ್ತು ದಿನಗಳ ಲೆಕ್ಕದವು. ಆದರೆ ಪೆಟ್ಟಿನ ಫಲ ವರ್ಷಗಳ ಲೆಕ್ಕದ್ದು, ಎಷ್ಟೋ ವೇಳೆ ಆಯುಷ್ಯದ ಲೆಕ್ಕದ್ದು. ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಮನೆಯವರು ದೇವರಿಗೆ ಹರಕೆ ಸಲ್ಲಿಸುತ್ತಾರೆ. ನಿಜವಾದ ಕಷ್ಟ ಅಂದಿನಿಂದಲೇ ಆರಂಭವಾಗುತ್ತದೆ.

ಚೇತರಿಕೆ ಮೊದಲ ಆರು ತಿಂಗಳಲ್ಲಿ ವೇಗವಾಗಿಯೂ, ಅನಂತರ ನಿಧಾನವಾಗಿ ವರ್ಷಗಟ್ಟಲೆಯೂ ನಡೆಯುತ್ತದೆ. ಈ ಅವಧಿಯಲ್ಲಿ ಅಭ್ಯಾಸ ಸಿಕ್ಕಿದರೆ ಫಲವುಂಟು. ಸಿಗದಿದ್ದರೆ ಉಳಿದ ಶಕ್ತಿಯೂ ಕುಂದುತ್ತದೆ. ಆದರೆ ಹಳ್ಳಿಯ ಮನೆಯಲ್ಲಿ ಅಭ್ಯಾಸ ಮಾಡಿಸುವವರು ಯಾರು? ಗಂಡ ಮಲಗಿದರೆ ಹೆಂಡತಿ ಕೂಲಿಗೆ ಹೋಗಬೇಕು. ಕೂಲಿಗೆ ಹೋದರೆ ಗಂಡನನ್ನು ನೋಡುವವರಿಲ್ಲ. ಗಂಡನನ್ನು ನೋಡಿಕೊಂಡರೆ ಒಲೆ ಹೊತ್ತುವುದಿಲ್ಲ. ವೃದ್ಧ ತಾಯಿಯ ಮೇಲೆ ಭಾರ ಬೀಳುತ್ತದೆ. ಮಗಳು ಶಾಲೆ ಬಿಡುತ್ತಾಳೆ. ತರಗತಿಯಿಂದ ಸದ್ದಿಲ್ಲದೆ ಮರೆಯಾಗುವ ಹೆಣ್ಣುಮಕ್ಕಳ ಮನೆಗಳನ್ನು ಅಧ್ಯಾಪಕರು ವಿಚಾರಿಸಿ ನೋಡಿದರೆ, ಕೆಲವು ಮನೆಗಳ ಮೂಲೆಯಲ್ಲಿ ಇಂಥ ಒಂದು ಹಾಸಿಗೆಯೂ ಕಾಣಬಹುದು.

ಅದರ ಮೇಲೆ ಅಪನಿಂದೆ. ಸಿಟ್ಟು ತಡೆಯಲಾರದವನನ್ನು ‘ದುಷ್ಟ’ನೆನ್ನುತ್ತಾರೆ, ತೂರಾಡುವವನನ್ನು ‘ಕುಡುಕ’ನೆನ್ನುತ್ತಾರೆ, ಸುಮ್ಮನೆ ಕುಳಿತವನಿಗೆ ‘ಗಾಳಿ ಸೋಕಿದೆ’ ಎಂದು ಯಂತ್ರ ಕಟ್ಟಿಸುತ್ತಾರೆ. ಪೆಟ್ಟಿನ ಅನಂತರ ಕೆಲವರಿಗೆ ಮೂರ್ಛೆರೋಗ ಬರುವುದುಂಟು. ಆಗ ಕೈಗೆ ಬೀಗದ ಕೈ, ಕಬ್ಬಿಣ ಕೊಡುವ ರೂಢಿ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಅದರಿಂದ ಯಾವ ಪ್ರಯೋಜನವೂ ಇಲ್ಲ. ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆಯಿಟ್ಟು, ಬಾಯಿಗೆ ಏನನ್ನೂ ತುರುಕದೆ, ನೀರು ಕುಡಿಸದೆ ಕಾಯಬೇಕು. ಐದು ನಿಮಿಷಕ್ಕೂ ಸೆಳೆತ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಬೇಕು. ಮೂರ್ಛೆಯ ಮಾತ್ರೆಗಳನ್ನು ‘ಈಗ ವಾಸಿಯಾಗಿದೆ’ ಎಂದು ವೈದ್ಯರನ್ನು ಕೇಳದೆ ನಿಲ್ಲಿಸುವುದು ಅತ್ಯಂತ ಅಪಾಯಕರ.

ಸೇವಾಸಂಸ್ಥೆಗಳು ಹುಟ್ಟಿದ ಬಗೆ

ಆಸ್ಪತ್ರೆಯ ಬಾಗಿಲಿಗೂ ಮನೆಯ ಹೊಸಿಲಿಗೂ ನಡುವಣ ಈ ಅಂತರವನ್ನು ತುಂಬಲು ಮೊದಲು ಮುಂದೆ ಬಂದವರು ನೊಂದ ಮನೆಯವರೇ. ಇಂಗ್ಲೆಂಡಿನಲ್ಲಿ ೧೯೭೯ರಲ್ಲಿ ಇಂಥ ಕೆಲವು ಕುಟುಂಬಗಳವರೂ ಅವರ ಹಿತೈಷಿಗಳೂ ಸೇರಿ ಹೆಡ್‌ವೇ ಎಂಬ ಸಂಸ್ಥೆಯನ್ನು ಕಟ್ಟಿದರು. ಅಮೆರಿಕದಲ್ಲಿ ಮರಿಲಿನ್ ಸ್ಪಿವ್ಯಾಕ್ ಎಂಬ ತಾಯಿ, ಅಪಘಾತದಲ್ಲಿ ಮಗಳ ಮೆದುಳಿಗೆ ಪೆಟ್ಟು ಬಿದ್ದಾಗ ಆಸ್ಪತ್ರೆಯ ಅನಂತರ ಹೋಗಬೇಕಾದುದೆಲ್ಲಿಗೆಂದು ಕೇಳಿ ಉತ್ತರ ಸಿಗದೆ, ೧೯೮೦ರಲ್ಲಿ ರಾಷ್ಟ್ರೀಯ ತಲೆಪೆಟ್ಟು ಪ್ರತಿಷ್ಠಾನವನ್ನು ಸ್ಥಾಪಿಸಿದರು. ನಮ್ಮ ದೇಶದಲ್ಲಿಯೂ ಇದೇ ಬಗೆ. ಜೋಧಪುರದ ರಾಜಮನೆತನದ ಶಿವರಾಜ್ ಸಿಂಗ್ ೨೦೦೫ರಲ್ಲಿ ಪೋಲೊ ಆಡುವಾಗ ಕುದುರೆಯಿಂದ ಬಿದ್ದು ತಲೆಗೆ ಬಲವಾದ ಪೆಟ್ಟು ತಿಂದರು. ದೀರ್ಘ ಚಿಕಿತ್ಸೆಯ ಕಷ್ಟವನ್ನು ಹತ್ತಿರದಿಂದ ಕಂಡ ತಂದೆ ಗಜಸಿಂಗರು ಹಣವಿಲ್ಲದವರ ಗತಿಯನ್ನು ನೆನೆದು ೨೦೦೭ರಲ್ಲಿ ‘ಇಂಡಿಯನ್ ಹೆಡ್ ಇಂಜುರಿ ಫೌಂಡೇಶನ್’ ಸಂಸ್ಥೆಯನ್ನು ಆರಂಭಿಸಿದರು. ಅರಮನೆಗೂ ಗುಡಿಸಲಿಗೂ ಈ ನೋವಿನಲ್ಲಿ ಭೇದವಿಲ್ಲ. ನೋವನ್ನು ತಾಳುವ ಶಕ್ತಿಯಲ್ಲಿ ಮಾತ್ರ ಭೇದ.

ಇಂಥ ಸಂಸ್ಥೆಗಳು ಮಾಡುವ ಕೆಲಸವೇನು? ಔಷಧ ಕೊಡುವುದಲ್ಲ, ಶಸ್ತ್ರಚಿಕಿತ್ಸೆ ಮಾಡುವುದೂ ಅಲ್ಲ. ಒಂದನೆಯದು, ಮನೆಯವರಿಗೆ ತಿಳಿವಳಿಕೆ ಕೊಡುವುದು: ‘ಇದು ಹಠವಲ್ಲ, ಪೆಟ್ಟಿನ ಫಲ’ ಎಂಬ ಒಂದು ವಾಕ್ಯವೇ ಎಷ್ಟೋ ಸಂಸಾರಗಳನ್ನು ಉಳಿಸಬಲ್ಲುದು. ಎರಡನೆಯದು, ಹಗಲು ಕೇಂದ್ರ: ವಾರದಲ್ಲಿ ಕೆಲವು ದಿನ ಪೆಟ್ಟುಬಿದ್ದವರು ಬಂದು ಸೇರುವ, ಕೂಡಿ ಅಡುಗೆ ಮಾಡುವ, ತೋಟ ನೋಡುವ, ಲೆಕ್ಕ ಬರೆಯುವ ಜಾಗ. ಮೂರನೆಯದು, ಶುಶ್ರೂಷೆ ಮಾಡುವವರಿಗೆ ವಿಶ್ರಾಂತಿ: ಆ ಕೆಲವು ಗಂಟೆಗಳಲ್ಲಿ ಹೆಂಡತಿಯೋ ತಾಯಿಯೋ ಕೂಲಿಗೆ ಹೋಗಬಹುದು, ಸಂತೆಗೆ ಹೋಗಬಹುದು, ಇಲ್ಲವೆ ನಿದ್ರೆ ಮಾಡಬಹುದು. ನಾಲ್ಕನೆಯದು, ಕಾಗದಪತ್ರದ ನೆರವು. ಐದನೆಯದು, ಮರಳಿ ದುಡಿಮೆಗೆ ಹಚ್ಚುವುದು. ಹಳೆಯ ಕೆಲಸಕ್ಕೇ ಆಗದಿದ್ದರೆ ಅದಕ್ಕಿಂತ ಹಗುರವಾದ ಇನ್ನೊಂದಕ್ಕೆ.

ಮೆದುಳಿನ ಪೆಟ್ಟಿಗೆಂದೇ ಮೀಸಲಾದ ಸಂಸ್ಥೆಗಳು ನಮ್ಮ ದೇಶದಲ್ಲಿ ವಿರಳ. ಆದರೆ ಅಂಗವಿಕಲರ ಸೇವೆಯ ಗಟ್ಟಿ ಪರಂಪರೆ ಕರ್ನಾಟಕದಲ್ಲಿದೆ. ಸ್ವತಃ ಅಂಗವೈಕಲ್ಯವನ್ನು ಅನುಭವಿಸಿದ ಎನ್. ಎಸ್. ಹೇಮಾ ಅವರು ೧೯೫೯ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಅಂಗವಿಕಲರ ಸಂಸ್ಥೆ (ಎ.ಪಿ.ಡಿ.) ಅಂಗವಿಕಲರಿಗೆ ತೋಟಗಾರಿಕೆಯ ತರಬೇತಿಯನ್ನೂ ಕೊಡುತ್ತ ಬಂದಿದೆ. ಮಾತಿನ ಚಿಕಿತ್ಸೆಗೆ ಮೈಸೂರಿನಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್‌ಶ್ರವಣ ಸಂಸ್ಥೆಯಿದೆ. ಮಠಗಳ ಪರಂಪರೆಯಲ್ಲಂತೂ ಗದುಗಿನ ವೀರೇಶ್ವರ ಪುಣ್ಯಾಶ್ರಮವೇ ಮೇಲ್ಪಂಕ್ತಿ. ಹುಟ್ಟುಕುರುಡರಾಗಿದ್ದ ಪಂಚಾಕ್ಷರ ಗವಾಯಿಗಳಿಗೆ ಹಾನಗಲ್ಲ ಕುಮಾರ ಶಿವಯೋಗಿಗಳು ಆಸರೆಯಾದರು. ಗವಾಯಿಗಳು ತಮ್ಮಂಥ ನೂರಾರು ಮಕ್ಕಳಿಗೆ ಆಸರೆಯಾದರು. ೧೯೪೪ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು ೨೦೧೦ರವರೆಗೂ ಆ ದೀಪವನ್ನು ಆರದಂತೆ ಕಾಯ್ದರು. ಅಲ್ಲಿ ನಡೆದದ್ದು ಕನಿಕರದ ಅನ್ನದಾನ ಮಾತ್ರವಲ್ಲ. ಇಲ್ಲದ ಕಣ್ಣಿಗಾಗಿ ಮರುಗುವ ಬದಲು ಇರುವ ಕಂಠವನ್ನು ಬೆಳೆಸಿದ ವಿದ್ಯಾದಾನ. ಮೆದುಳಿಗೆ ಪೆಟ್ಟುಬಿದ್ದವರ ಸೇವೆಗೂ ಇದೇ ಸೂತ್ರ ಸಲ್ಲುತ್ತದೆ.

ಕೋಲಾರ ಜಿಲ್ಲೆಯಲ್ಲಿ ಮೂಡಿದ ಬೆಳಕು

ಮೆದುಳಿನ ಆರೋಗ್ಯದ ವಿಷಯದಲ್ಲಿ ಕೋಲಾರ ಜಿಲ್ಲೆಗೆ ಇಂದು ದೇಶದಲ್ಲಿಯೇ ಒಂದು ವಿಶೇಷ ಸ್ಥಾನವಿದೆಯೆಂದರೆ ಹಲವರಿಗೆ ಆಶ್ಚರ್ಯವಾಗಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮೆದುಳು ಸಂಶೋಧನ ಕೇಂದ್ರವೊಂದಿದೆ. ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಮತ್ತು ಅವರ ಪತ್ನಿ ಸುಧಾ ಅವರ ಪ್ರತೀಕ್ಷಾ ಟ್ರಸ್ಟಿನ ದೊಡ್ಡ ದಾನ ಅದರ ಬೆನ್ನಿಗಿದೆ. ಈ ಕೇಂದ್ರ ೨೦೧೮ರಿಂದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ೪೫ ವರ್ಷ ಮೀರಿದ ೧೦,೦೦೦ ಜನರನ್ನು ಸೇರಿಸಿಕೊಂಡು ಬಹು ವರ್ಷಗಳ ಕಾಲ ಗಮನಿಸುವ ಅಧ್ಯಯನವನ್ನು ಕೈಗೊಂಡಿದೆ. ವಯಸ್ಸಾದಂತೆ ನೆನಪು, ಬುದ್ಧಿಗಳು ಹೇಗೆ ಬದಲಾಗುತ್ತವೆ, ಮರೆವಿನ ರೋಗ ಯಾರಿಗೆ ಏಕೆ ಬರುತ್ತದೆ ಎಂಬುದೇ ಅದರ ಪ್ರಶ್ನೆ. ಇದು ಪೆಟ್ಟಿನ ಅಧ್ಯಯನವಲ್ಲ, ನಿಜ. ಆದರೆ ಮಾವಿನ ತೋಪಿನ ರೈತ ತನ್ನ ನೆನಪಿನ ಪರೀಕ್ಷೆಗೆ ತಾನಾಗಿ ಮುಂದೆ ಬಂದಿರುವುದು, ಹಳ್ಳಿಯ ಮನೆಗಳಲ್ಲಿ ‘ಮೆದುಳು’ ಎಂಬ ಮಾತು ಅಂಜಿಕೆಯಿಲ್ಲದೆ ಆಡುವಂತಾಗಿರುವುದು ಸಣ್ಣ ಸಂಗತಿಯಲ್ಲ.

ಎರಡನೆಯದು, ನಿಮ್ಹಾನ್ಸ್ ಸಹಕಾರದೊಡನೆ ರಾಜ್ಯ ಸರ್ಕಾರ ೨೦೨೨ರ ಜನವರಿಯಲ್ಲಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ. ಪ್ರಯೋಗಾರ್ಥವಾಗಿ ಇದಕ್ಕೆ ಆಯ್ದುಕೊಂಡ ಮೂರು ಕಡೆಗಳಲ್ಲಿ ಕೋಲಾರವೂ ಒಂದು. ಉಳಿದೆರಡು ಚಿಕ್ಕಬಳ್ಳಾಪುರ ಮತ್ತು ಬೆಂಗಳೂರು ದಕ್ಷಿಣ. ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯು, ಮರೆವಿನ ರೋಗ ಇವುಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಗುರುತಿಸುವಂತೆ ಅವರಿಗೆ ತರಬೇತಿ ನೀಡಿ, ಜಿಲ್ಲಾ ಆಸ್ಪತ್ರೆಯಲ್ಲಿ ಮೆದುಳು ಆರೋಗ್ಯ ಚಿಕಿತ್ಸಾಲಯ ತೆರೆಯುವುದು ಇದರ ಕ್ರಮ. ಅನಂತರ ಇದನ್ನು ಇತರ ಜಿಲ್ಲೆಗಳಿಗೂ ವಿಸ್ತರಿಸಲಾಯಿತು. ಪೆಟ್ಟುಬಿದ್ದವನಿಗೂ ಪಾರ್ಶ್ವವಾಯು ಬಡಿದವನಿಗೂ ಮನೆಯಲ್ಲಿ ಬೇಕಾದ ನೆರವು ಬಹುಪಾಲು ಒಂದೇ ಆದುದರಿಂದ, ಇಬ್ಬರನ್ನೂ ಒಂದೇ ಸೂರಿನಡಿ ತರುವುದು ಜಾಣತನ.

ಕಾನೂನಿನ ಆಸರೆ

೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆ ೨೧ ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಆ ಪಟ್ಟಿಯಲ್ಲಿ ‘ಮೆದುಳಿನ ಪೆಟ್ಟು’ ಎಂಬ ಪ್ರತ್ಯೇಕ ಹೆಸರಿಲ್ಲ. ಇದರಿಂದ ಅನೇಕರು ‘ನಮಗೆ ಹಕ್ಕಿಲ್ಲ’ ಎಂದು ಹಿಂದಿರುಗುತ್ತಾರೆ. ಅದು ಸರಿಯಲ್ಲ. ಪೆಟ್ಟು ಹೆಸರಿಲ್ಲದಿದ್ದರೂ ಪೆಟ್ಟಿನ ಫಲಗಳಿಗೆ ಹೆಸರುಂಟು: ಒಂದು ಪಾರ್ಶ್ವ ಬಿದ್ದುಹೋದರೆ ಚಲನವೈಕಲ್ಯ, ಮಾತು ಹೋದರೆ ವಾಕ್ ಮತ್ತು ಭಾಷಾ ವೈಕಲ್ಯ, ದೃಷ್ಟಿ ಕುಂದಿದರೆ ದೃಷ್ಟಿವೈಕಲ್ಯ, ಎರಡು ಮೂರು ಕೂಡಿದರೆ ಬಹುವಿಧ ವೈಕಲ್ಯ. ಶೇಕಡ ೪೦ಕ್ಕೆ ಕಡಮೆಯಿಲ್ಲವೆಂದು ವೈದ್ಯರ ಪ್ರಮಾಣಪತ್ರ ದೊರೆತರೆ ವಿಶಿಷ್ಟ ಗುರುತಿನ ಚೀಟಿಗೂ ಹಲವು ಸೌಲಭ್ಯಗಳಿಗೂ ದಾರಿಯಾಗುತ್ತದೆ. ನೆನಪು ಮತ್ತು ನಡತೆಯ ಹಾನಿ ಮಾತ್ರ ಇರುವವರ ಪಾಡೇ ಕಷ್ಟ. ಅವರಿಗೆ ಮನೋವಿಜ್ಞಾನಿಯ ವಿವರವಾದ ಪರೀಕ್ಷಾವರದಿ ಬೇಕಾಗುತ್ತದೆ.

ಸಹಿ ಮಾಡಲೂ ಆಗದವನ ಪರವಾಗಿ ಬ್ಯಾಂಕು, ಜಮೀನುಗಳ ವ್ಯವಹಾರ ನಡೆಸಲು ಅದೇ ಕಾಯಿದೆಯ ೧೪ನೆಯ ಕಲಮು ಸೀಮಿತ ಪಾಲಕತ್ವಕ್ಕೆ ಅವಕಾಶ ಕೊಟ್ಟಿದೆ. ಇಲ್ಲಿ ಪಾಲಕನು ವ್ಯಕ್ತಿಯೊಡನೆ ಸಮಾಲೋಚಿಸಿಯೇ ನಿರ್ಧರಿಸಬೇಕು. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಅಂಗವಿಕಲರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಅಪಘಾತದ ಪರಿಹಾರದ ಅರ್ಜಿಯನ್ನು ತಡಮಾಡದೆ ಸಲ್ಲಿಸಬೇಕು. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಅವರೂ ಬಹುಮಟ್ಟಿಗೆ ಅಂಗವಿಕಲರೇ. ಮನೆಯವರು ಮೊದಲು ಕಾಣಬೇಕಾದುದು ಇವರನ್ನು.

ನಾವು ಮಾಡಬಹುದಾದುದು

ದೊಡ್ಡ ಕಟ್ಟಡವನ್ನೂ ದುಬಾರಿ ಯಂತ್ರಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೊರಟರೆ ಈ ಕೆಲಸ ಎಂದಿಗೂ ಆರಂಭವಾಗದು. ವಾರಕ್ಕೆ ಎರಡು ದಿನ ಬಿಡುವಾಗಿರುವ ಒಂದು ಕೊಠಡಿ, ನೆರಳಿನ ಅಂಗಳ, ಮಧ್ಯಾಹ್ನದ ಪ್ರಸಾದ, ನಾಲ್ಕಾರು ಮಂದಿ ತಾಳ್ಮೆಯ ಸ್ವಯಂಸೇವಕರು, ತಿಂಗಳಿಗೊಮ್ಮೆ ಬರುವ ಒಬ್ಬ ತಜ್ಞ, ಇಷ್ಟರಿಂದ ಆರಂಭಿಸಬಹುದು. ಮೊದಲ ಮೂರು ಪ್ರತಿ ಮಠದ ಶಾಲೆಯಲ್ಲಿಯೂ ಈಗಾಗಲೇ ಇವೆ. ನಾಲ್ಕನೆಯದಕ್ಕೆ ನಿವೃತ್ತ ಅಧ್ಯಾಪಕರಿಗಿಂತ ಯೋಗ್ಯರು ಯಾರು? ಮರೆತುಹೋದ ಅಕ್ಷರವನ್ನು ಮತ್ತೆ ತಿದ್ದಿಸುವುದು, ಒಂದು ಸಲಕ್ಕೆ ಒಂದೇ ಸೂಚನೆ ಕೊಡುವುದು, ತಪ್ಪಿದಾಗ ಹಂಗಿಸದೆ ಮತ್ತೆ ಹೇಳುವುದು ಇವು ಅಧ್ಯಾಪಕರು ಆಯುಷ್ಯವಿಡೀ ಮಾಡಿದ ಕೆಲಸವೇ. ಐವತ್ತು ವರ್ಷದ ಶಿಷ್ಯನ ಮುಂದೆ ಸ್ಲೇಟು ಹಿಡಿಯುವಾಗ ಅವನು ಮಗುವಲ್ಲ, ಸಂಸಾರಸ್ಥನೆಂಬ ಗೌರವವನ್ನು ಮಾತ್ರ ಮರೆಯಬಾರದು.

ನೆನಪಿಗೆ ಒಂದು ಜೇಬುಪುಸ್ತಕ. ಅದರಲ್ಲಿ ದಿನದ ಕೆಲಸ, ಮಾತ್ರೆಯ ಹೊತ್ತು, ಬಸ್ಸಿನ ಸಂಖ್ಯೆ. ಗೋಡೆಯ ಮೇಲೆ ದೊಡ್ಡ ಅಕ್ಷರದ ದಿನಚರಿ. ಬೀಗದ ಕೈ, ಕನ್ನಡಕ, ಚಪ್ಪಲಿಗಳಿಗೆ ಬದಲಾಗದ ಜಾಗ. ಅರ್ಧ ಗಂಟೆ ಕೆಲಸ, ಹತ್ತು ನಿಮಿಷ ವಿಶ್ರಾಂತಿ. ಮದ್ಯ ಸಂಪೂರ್ಣ ವರ್ಜ್ಯ. ಈ ಸರಳ ನಿಯಮಗಳನ್ನು ಮನೆಯವರಿಗೂ ಕಲಿಸಿದರೆ ಕೇಂದ್ರದ ಎರಡು ದಿನದ ಫಲ ವಾರದ ಏಳು ದಿನಕ್ಕೂ ಹರಡುತ್ತದೆ. ಕೈಗೆ ಕೆಲಸವೂ ಬೇಕು. ಸಸಿಮಡಿ ನೋಡುವುದು, ಮಾವು ವಿಂಗಡಿಸುವುದು, ರೇಷ್ಮೆಗೂಡು ಬಿಡಿಸುವುದು, ಹೆಂಚಿನ ಲೆಕ್ಕ ಬರೆಯುವುದು ಮುಂತಾದ ಈ ಸೀಮೆಯ ದುಡಿಮೆಗಳಲ್ಲಿಯೇ ಒಂದೇ ಬಗೆಯಾಗಿ ಸಾಗುವ, ಅಪಾಯವಿಲ್ಲದ ಕೆಲಸಗಳನ್ನು ಆರಿಸಿಕೊಡಬಹುದು. ಉದ್ಯಮಿಗಳಾಗಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಕಾರ್ಖಾನೆಯಲ್ಲಿ ಅರ್ಧ ದಿನದ ಒಂದು ಜಾಗವನ್ನು ಇಂಥವರಿಗಾಗಿ ಮೀಸಲಿಟ್ಟರೆ ಅದು ಸಾವಿರ ರೂಪಾಯಿಯ ದೇಣಿಗೆಗಿಂತ ಹಿರಿದು.

ದಾನಿಗಳಲ್ಲಿ ಒಂದು ವಿನಂತಿ. ನಮ್ಮಲ್ಲಿ ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದಾದ ದಾನಕ್ಕೆ ಕೊರತೆಯಿಲ್ಲ. ತಿಂಗಳ ತಿಂಗಳ ಖರ್ಚಿಗೆ ದಾನಿಗಳು ಸಿಗುವುದೇ ದುರ್ಲಭ. ಈ ಸೇವೆಗೆ ಬೇಕಾದುದು ಎರಡನೆಯ ಬಗೆಯ ದಾನ: ಬಸ್ಸಿನ ಚಾರ್ಜು, ಮೂರ್ಛೆಯ ಮಾತ್ರೆ, ತಜ್ಞರ ಪ್ರಯಾಣವೆಚ್ಚ, ಒಬ್ಬ ಕಾರ್ಯಕರ್ತೆಯ ಸಂಬಳ. ಒಂದು ವರ್ಷ ನಡೆಸಿ ನಿಲ್ಲಿಸುವುದಕ್ಕಿಂತ ಆರಂಭಿಸದಿರುವುದೇ ಲೇಸು, ಏಕೆಂದರೆ ದಿನಚರಿಯನ್ನು ನಂಬಿ ಎದ್ದು ನಿಂತವನಿಗೆ ಅದು ಕುಸಿದಾಗ ಆಗುವ ಹಾನಿ ದೊಡ್ಡದು. ಆದುದರಿಂದ ಐದು ವರ್ಷಗಳ ವೆಚ್ಚವನ್ನು ಮುಂಚಿತವಾಗಿ ಗೊತ್ತುಮಾಡಿಕೊಂಡು, ಲೆಕ್ಕವ��್ನು ವರ್ಷವರ್ಷವೂ ಪ್ರಕಟಿಸಿ ಮುಂದುವರಿಯುವುದು ಯುಕ್ತ.

ಕೊನೆಯದಾಗಿ, ಪೆಟ್ಟು ಬೀಳದಂತೆ ನೋಡಿಕೊಳ್ಳುವುದೇ ಎಲ್ಲಕ್ಕಿಂತ ಮೊದಲ ಸೇವೆ. ಶಿರಸ್ತ್ರಾಣ ಧರಿಸಿದ ಮೋಟಾರ್ ಸೈಕಲ್ ಸವಾರರಿಗೆ ಸಾವಿನ ಅಪಾಯ ಶೇಕಡ ೪೨ರಷ್ಟೂ ತಲೆಪೆಟ್ಟಿನ ಅಪಾಯ ಶೇಕಡ ೬೯ರಷ್ಟೂ ಕಡಮೆಯೆಂದು ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ೨೦೦೮ರ ಪರಿಶೀಲನೆಯೊಂದು ತೋರಿಸಿದೆ. ಕರ್ನಾಟಕದಲ್ಲಿ ೨೦೧೬ರಿಂದ ಹಿಂಬದಿಯ ಸವಾರರಿಗೂ ಅದು ಕಡ್ಡಾಯ. ಆದರೂ ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಹೋಗುವ, ಪೊಲೀಸರನ್ನು ಕಂಡಾಗ ಮಾತ್ರ ತಲೆಗೇರಿಸುವ ರೂಢಿ ಹೋಗಿಲ್ಲ. ಮಕ್ಕಳನ್ನು ಶಾಲೆಗೆ ಬಿಡಲು ಬರುವ ತಂದೆತಾಯಿಗಳ ತಲೆಯ ಮೇಲೆ ಶಿರಸ್ತ್ರಾಣವಿದೆಯೇ ಎಂದು ಶಾಲೆಯ ಬಾಗಿಲಲ್ಲಿ ನಿಂತು ನೋಡುವ ಅಧ್ಯಾಪಕನ ಒಂದು ಮಾತು ಹತ್ತು ಭಾಷಣಗಳಿಗೆ ಸಮ. ಮಾವಿನ ಕೊಯ್ಲಿಗೆ ಮರ ಹತ್ತುವವರಿಗೆ ಸೊಂಟಕ್ಕೆ ಹಗ್ಗ, ಕೆಳಗಿನಿಂದಲೇ ಕೀಳುವ ದೋಟಿ, ಭಟ್ಟಿಯ ಅಟ್ಟಣೆಗೆ ಕೈಕಂಬಿ ಇವು ಮಾಲೀಕರ ಧರ್ಮ.

ಕಣ್ಣಿಗೆ ಕಾಣುವ ನೋವಿಗೆ ಮರುಗುವುದು ಮನುಷ್ಯಸಹಜ. ಕಾಣದ ನೋವನ್ನು ತಿಳಿದು ನೆರವಾಗುವುದಕ್ಕೆ ವಿದ್ಯೆ ಬೇಕು. ವಿದ್ಯೆಯನ್ನೇ ದಾಸೋಹವಾಗಿ ನೀಡುತ್ತ ಬಂದಿರುವ ಸಂಸ್ಥೆಗಳ ಮಕ್ಕಳಾದ ನಾವು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಈ ಮನೆಗಳ ಬಾಗಿಲನ್ನು ತಟ್ಟುವಂತಾಗಲಿ. ತಾಲ್ಲೂಕಿಗೊಂದು ಕೊಠಡಿಯಾದರೂ ಮುಂದಿನ ಸಂಚಿಕೆ ಹೊರಬರುವ ವೇಳೆಗೆ ತೆರೆಯಲೆಂದು ಹಾರೈಸುತ್ತೇನೆ.